ಫ್ರೇಮು ಹಾಕಿಸಿಕೊಂಡ ಬಚ್ಚಲ ಗೋಡೆ

ನಮ್ಮ ಮನೆಯಲ್ಲಿ ಬಚ್ಚಲ ಒಲೆ ಹೊತ್ತಿಸುವುದು ನನ್ನ ಕೆಲಸ. ಎಂಟು ಗಂಟೆಗೆ ಹಂಡೆಯ ನೀರು ಕಾದಿರಬೇಕು, ಅಪ್ಪನ ಸ್ನಾನವಾಗಬೇಕು. ನಾನು ಕಾಲೇಜಿಗೆ ಸೇರಿದ ಮೇಲೂ ಈ ನಿಯಮ ಸಡಿಲವಾಗಲಿಲ್ಲ. ಭಾನುವಾರಕ್ಕೂ ವಿನಾಯಿತಿ ಇರಲಿಲ್ಲ. ತಡವಾದರೆ ಅಪ್ಪ ಕೂಗುತ್ತಿರಲಿಲ್ಲ. ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಗೋಡೆ ಗಡಿಯಾರದ ಕೆಳಗೆ ಸುಮ್ಮನೆ ನಿಂತುಬಿಡುತ್ತಿದ್ದರು. ಅದಕ್ಕಿಂತ ಕೂಗುವುದೇ ವಾಸಿ ಅನ್ನಿಸುತ್ತಿತ್ತು.

ಇಂಥ ಕಟ್ಟುನಿಟ್ಟಿನ ಮನುಷ್ಯ ಜೀವನದಲ್ಲಿ ಒಂದೇ ಒಂದು ಕಡೆ ನಿಯಮ ಮೀರಿದ್ದರು, ಅದೂ ಆ ಬಚ್ಚಲ ವಿಷಯದಲ್ಲೇ. ಬಸವನಗುಡಿಯ ಬಾಡಿಗೆ ಮನೆ ಬಿಟ್ಟು ನಾವು ಜಯನಗರದಲ್ಲಿ ಮನೆ ಕಟ್ಟಿಸಿದಾಗ ಸುತ್ತ ಇನ್ನೂ ರಾಗಿ ಹೊಲಗಳಿದ್ದವು. ಜಾಗಕ್ಕೆ ಬರವಿರಲಿಲ್ಲ, ಆದರೆ ಮನೆಗೂ ಕಾಂಪೌಂಡಿಗೂ ನಡುವೆ ಇಷ್ಟು ಅಡಿ ಖಾಲಿ ಬಿಡಬೇಕೆಂದು ಸೈಟು ಕೊಟ್ಟ ಕಚೇರಿಯ ಕಟ್ಟಪ್ಪಣೆ ಇತ್ತು. ಸೌದೆ ಹೊಗೆ ಮನೆಯೊಳಗೆ ಬೇಡವೆಂದು ಅಮ್ಮ ಹಟ ಹಿಡಿದರು. ಅಪ್ಪ ಪ್ಲಾನಿನಲ್ಲಿ ಇಲ್ಲದ ಬಚ್ಚಲೊಂದನ್ನು ಆ ಖಾಲಿ ಜಾಗದಲ್ಲೇ ಕಟ್ಟಿಸಿಬಿಟ್ಟರು. ಅಂದಿನಿಂದ ಅವರಿಗೆ ನೆಮ್ಮದಿ ಇರಲಿಲ್ಲ. ಸೈಕಲ್ಲಿನಲ್ಲಿ ಯಾರಾದರೂ ಫೈಲು ಇಟ್ಟುಕೊಂಡು ನಮ್ಮ ರಸ್ತೆಗೆ ಬಂದರೆ ಪೇಪರು ಮಡಿಸಿ ಒಳಗೆ ಹೋಗುತ್ತಿದ್ದರು. ಬಚ್ಚಲು ಕೆಡವಿಸುತ್ತಾರೆ ಎನ್ನುವುದಕ್ಕಿಂತ, ನೋಟೀಸನ್ನು ನೆರೆಯವರು ನೋಡುತ್ತಾರೆ ಎನ್ನುವುದೇ ಅವರಿಗೆ ದೊಡ್ಡದು.

ಹೀಗಿರುವಾಗ ಮಹಡಿಯ ಕೋಣೆಗೆ ಒಬ್ಬರು ಬಾಡಿಗೆಗೆ ಬಂದರು. ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ. ಮದುವೆಯಾಗಿರಲಿಲ್ಲ, ಮಾತು ಕಡಿಮೆ, ಕೊರಳಲ್ಲಿ ಯಾವಾಗಲೂ ಕ್ಯಾಮರಾ. ಅಮ್ಮನಿಗೆ ಖುಷಿಯಾಯಿತು. ಯುಗಾದಿಯ ದಿನ ಜರಿ ಸೀರೆ ಉಟ್ಟು, ನಮ್ಮನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿ, "ಸ್ವಲ್ಪ ಒಂದು ಫೋಟೋ ತೆಗೀರಿ" ಎಂದು ಕರೆದರು. ಅವರು ಒಂದು ತೆಗೆದರು, ಮರ್ಯಾದೆಗೆ. ಆಮೇಲೆ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತು, ಅಲ್ಲಿ ಬಿಟ್ಟಿದ್ದ ನಮ್ಮ ಚಪ್ಪಲಿಗಳ ಫೋಟೋ ಬಹಳ ಹೊತ್ತು ತೆಗೆದರು.

"ನಾವಿಷ್ಟು ಜನ ನಿಂತಿದೀವಿ, ಅವರಿಗೆ ಚಪ್ಪಲಿ ಬೇಕಾಯ್ತು" ಎಂದರು ಅಮ್ಮ.

ಚಪ್ಪಲಿಯಾದ ಮೇಲೆ ಕಾಂಪೌಂಡಿನ ಬಿರುಕು, ಚರಂಡಿಯ ನೀರು, ಮಹಡಿ ಮೆಟ್ಟಿಲಿನ ನೆರಳು. ತೊಳೆದ ಫೋಟೋಗಳನ್ನು ಅವರು ತಾರಸಿಯ ಮೇಲೆ ಪಂಚೆ ಹಾಸಿ, ಸಂಡಿಗೆಯ ಹಾಗೆ ಒಣಗಿಸುತ್ತಿದ್ದರು. ಒಂದರಲ್ಲೂ ಒಂದು ಮುಖವಿರಲಿಲ್ಲ. ನಾನು ಪಾಪ, ಕೈ ಇನ್ನೂ ಕುದುರಿಲ್ಲ, ಕಲಿಯುತ್ತಿದ್ದಾರೆ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ ಹೊರಬಂದವರು ತಲೆಯೆತ್ತಿದರೆ, ಮಹಡಿಯವರು ಮೆಟ್ಟಿಲ ಮೇಲೆ ನಿಂತು ಬಚ್ಚಲಿಗೆ ಕ್ಯಾಮರಾ ಗುರಿಯಿಟ್ಟಿದ್ದಾರೆ. ಅಪ್ಪ ಒದ್ದೆ ಮೈಯಲ್ಲೇ ಅಡಿಗೆಮನೆಗೆ ಬಂದರು.

"ಅವನು ಆಫೀಸಿನವರ ಕಡೆಯವನು ಕಣೇ. ಸಾಕ್ಷಿ ಸೇರಿಸ್ತಿದಾನೆ."

"ಸಾಕ್ಷಿಗೆ ಚಪ್ಪಲಿ ಯಾಕಂತೆ?"

"ಅದು ನಮ್ಮ ಕಣ್ಣಿಗೆ ಮಣ್ಣೆರಚೋಕೆ."

ವಿಚಾರಿಸಿ ಬರಲು ನನ್ನನ್ನು ಕಳಿಸಿದರು. "ನಮ್ಮ ಬಚ್ಚಲಿನ ಫೋಟೋ ಯಾಕೆ ತೆಗೀತೀರಿ?" ಎಂದು ನೇರವಾಗಿ ಕೇಳಿದೆ. "ಚೆನ್ನಾಗಿದೆಯಲ್ಲ, ಅದಕ್ಕೆ" ಎಂದರು. ಬಂದು ಹಾಗೆಯೇ ಒಪ್ಪಿಸಿದೆ.

"ಬಚ್ಚಲು ಚೆನ್ನಾಗಿದೆ ಅಂತ ಯಾರಾದ್ರೂ ಫಿಲ್ಮು ದಂಡ ಮಾಡ್ತಾರಾ? ಅಲ್ಲಿಗೆ ಗ್ಯಾರಂಟಿ ಆಯ್ತು" ಎಂದರು ಅಪ್ಪ.

ಮರುದಿನದಿಂದ ಬಚ್ಚಲ ಮುಂದೆ ಹಗ್ಗ ಕಟ್ಟಿ, ಅಮ್ಮನ ಹಳೇ ಸೀರೆಯನ್ನು ಉದ್ದಕ್ಕೂ ಹರವಬೇಕೆಂದು ಅಪ್ಪಣೆಯಾಯಿತು. ಗೋಡೆ ಕಾಣಬಾರದು. ಆದರೆ ಹೊಗೆ ಸೀರೆಯ ಮಾತು ಕೇಳಬೇಕಲ್ಲ. ಅದು ಹೊಗೆಗಂಡಿಯಿಂದ ಹೊರಟು ಸೀರೆಯ ಮೇಲೆ ಹತ್ತಿ ಹೋಗುತ್ತಿತ್ತು, ಬಿಸಿಲು ಅದನ್ನು ಹಾದು ಬೀಳುತ್ತಿತ್ತು. ಮಹಡಿಯವರು ಒಂದು ವಾರ ಕಾರ್ಖಾನೆಗೆ ತಡವಾಗಿ ಹೋದರು.

ಸ್ವಲ್ಪ ದಿನದಲ್ಲಿ ಅವರೇ ಬಂದು, ಬಸವನಗುಡಿಯ ಒಂದು ಶಾಲೆಯ ಹಾಲಿನಲ್ಲಿ ಛಾಯಾಚಿತ್ರ ಪ್ರದರ್ಶನವಿದೆ, ತಮ್ಮದೂ ಒಂದಿದೆ, ಎಲ್ಲರೂ ಬರಬೇಕು ಎಂದು ಕರೆದರು. ಅಪ್ಪ ತಕ್ಷಣ ಒಪ್ಪಿದರು. ಒಳಗೆ ಬಂದು ನನಗೆ, "ಎಷ್ಟು ಕಾಣಿಸುತ್ತೆ ಅಂತ ನೋಡಬೇಕು, ನೀನೂ ಬಾ" ಎಂದರು.

ಹಾಲಿನಲ್ಲಿ ನಾನು ಎಣಿಸಿದ್ದೆಲ್ಲ ಇತ್ತು. ಜಲಪಾತ, ನಗುವ ಮಗು, ಸೂರ್ಯಾಸ್ತ, ಸುಕ್ಕು ಮುಖದ ಮುದುಕ. ಆ ಮುದುಕನ ಪಕ್ಕದಲ್ಲಿ ನಮ್ಮ ಬಚ್ಚಲು.

ನಾನು ದಿನಾ ಬೂದಿ ಎತ್ತುವ ಜಾಗ ಅದು. ಗುರುತು ಹಿಡಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಗೋಡೆಯ ಮಸಿ ಮೇಲಕ್ಕೆ ಹೋಗುತ್ತ ತೆಳುವಾಗಿ, ಮಳೆ ಬರುವ ಮುಂಚಿನ ಆಕಾಶದ ಹಾಗಿತ್ತು. ಸೀರೆಯ ಹರಿದ ಅಂಚಿನಿಂದ ಬಿಸಿಲು ಒಂದು ಗೀಟಿನಂತೆ ಇಳಿದಿತ್ತು. ಹೊಗೆ ಅಲ್ಲಾಡದೆ ನಿಂತಿತ್ತು. ಆ ಹೊಗೆಗೆ ಕಣ್ಣುಜ್ಜಿಕೊಂಡು ಬೈದವಳು ನಾನು. ಅವತ್ತು ಅದರ ಮುಂದಿನಿಂದ ಕದಲಲು ಮನಸ್ಸಾಗಲಿಲ್ಲ. ಜಲಪಾತದ ಕಡೆ ತಿರುಗಿದರೆ ಅದು ಕ್ಯಾಲೆಂಡರಿನಂತೆ ಕಂಡಿತು. ಆಮೇಲೆ ಎಷ್ಟೋ ವರ್ಷ, ಅರ್ಥವಾಗದ ಚಿತ್ರಗಳ ಮುಂದೆ, ಕಥೆಯೇ ಇಲ್ಲದ ಸಿನಿಮಾಗಳ ಮುಂದೆ ನಾನು ತಾಳ್ಮೆಯಿಂದ ಕೂತಿದ್ದರೆ, ಅದು ಆ ಬಚ್ಚಲ ಕೃಪೆ.

ಅಪ್ಪ ಮಾತ್ರ ಕಾಂಪೌಂಡು ಕಾಣುತ್ತದೆಯೇ ಎಂದು ಫ್ರೇಮಿನ ಎಡ ಮೂಲೆಯನ್ನೇ ನೋಡುತ್ತಿದ್ದರು. ಕಾಣುತ್ತಿತ್ತು. ಅಷ್ಟರಲ್ಲಿ ಪಕ್ಕಕ್ಕೆ ಬಂದು ನಿಂತವರು, ನಮ್ಮ ಹಿಂದಿನ ರಸ್ತೆಯಲ್ಲಿದ್ದ, ಆ ಸೈಟು ಕಚೇರಿಯದೇ ಎಂಜಿನಿಯರು. ಅವರು ಕನ್ನಡಕ ಏರಿಸಿಕೊಂಡು, "ಅದ್ಭುತವಾಗಿದೆ. ಯಾರ ಮನೇದೋ" ಎಂದರು.

ಮಹಡಿಯವರು ಖುಷಿಯಿಂದ ಅಪ್ಪನ ಕಡೆ ಕೈ ತೋರಿಸಿದರು. "ಈ ಸಾರ್ ಮನೇದು. ನಿಜವಾಗಿ ಇದು ಅವರಿಂದಲೇ ಆದದ್ದು. ಬಿಸಿಲು ಅಲ್ಲಿ ಬೀಳೋದು ಸ್ವಲ್ಪ ಹೊತ್ತು. ಅದೇ ಹೊತ್ತಿಗೆ ದಿನಾ ತಪ್ಪದೆ ಹೊಗೆ ಬರೋ ಮನೆ ಇನ್ನೊಂದು ಸಿಗಲ್ಲ. ಇವರು ಒಂದು ದಿನ ತಡವಾಗಿ ಸ್ನಾನ ಮಾಡಿದ್ರೂ ಈ ಚಿತ್ರ ಇಲ್ಲ."

ಅಪ್ಪನ ಶಿಸ್ತನ್ನು ಮನೆಯಲ್ಲಿ ಯಾರೂ ಹೀಗೆ ಹೊಗಳಿದ್ದಿಲ್ಲ. ಅವರ ಬೆನ್ನು ನೆಟ್ಟಗಾಯಿತು. "ಹೌದು, ನಮ್ಮ ಮನೇದೇ" ಎಂದುಬಿಟ್ಟರು.

"ಕಾಂಪೌಂಡಿಗೆ ತೀರಾ ಹತ್ತಿರ ಅಲ್ವೇ?"

"ಫೋಟೋದಲ್ಲಿ ಹಾಗೆ ಕಾಣುತ್ತೆ ಸಾರ್. ಕಲೆ."

ಎಂಜಿನಿಯರು ತಲೆದೂಗಿ, "ಭಾನುವಾರ ಬೆಳಿಗ್ಗೆ ಏಳೂವರೆಗೆ ಬಂದು ನೋಡ್ತೀನಿ" ಎಂದರು.

ಆ ವಾರ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಗಾರೆಯವನನ್ನು ಕರೆಸಿ, ಗೋಡೆ ಹಿಂದಕ್ಕೆ ಸರಿಸಲು ಎಷ್ಟಾಗುತ್ತದೆಂದು ಕೇಳಿದರು. "ಒಡೀಬೇಡಿ ಸಾರ್, ಅಂಥ ಮಸಿ ಮತ್ತೆ ಬರೋಲ್ಲ" ಎಂದರು ಮಹಡಿಯವರು. ಅವರ ಚಿಂತೆ ಅವರಿಗೆ.

ಭಾನುವಾರ ಎಂಜಿನಿಯರು ಬಂದರು, ಒಂದು ಗಂಟೆ ತಡವಾಗಿ. ಕೈಯಲ್ಲಿ ಅಳತೆ ಟೇಪು ಇರಲಿಲ್ಲ. ಹೊಸ ಕ್ಯಾಮರಾ ಇತ್ತು. ಬಚ್ಚಲ ಮುಂದೆ ನಿಂತು ಕಣ್ಣಿಗೆ ಇಟ್ಟುಕೊಂಡರು, ಹಿಂದಕ್ಕೆ ಹೆಜ್ಜೆಯಿಟ್ಟರು, ಬೆನ್ನು ಕಾಂಪೌಂಡಿಗೆ ತಾಗಿತು.

"ಜಾಗ ಸಾಲಲ್ಲ. ನೀವು ಇನ್ನೂ ಸ್ವಲ್ಪ ಬಿಟ್ಟು ಕಟ್ಟಬೇಕಾಗಿತ್ತು" ಎಂದರು, ಕ್ಯಾಮರಾದಿಂದ ಕಣ್ಣು ತೆಗೆಯದೆ.

ಅಪ್ಪ ನನ್ನ ಮುಖ ನೋಡಿದರು. "ಮೆಟ್ಟಿಲ ಮೇಲಿಂದ ತೆಗೀರಿ ಸಾರ್" ಎಂದೆ ನಾನು. ಅವರು ಮೆಟ್ಟಿಲು ಹತ್ತಿದರು. "ಹಾಂ, ಇಲ್ಲಿಂದ ಸರಿಯಾಗಿದೆ. ಆದರೆ ಹೊಗೆ ಎಲ್ಲಿ?"

ಹೊಗೆ ಎಂಟಕ್ಕೇ ಮುಗಿದಿತ್ತು. ಅಪ್ಪ ಒಂದು ಸಲ ಗಡಿಯಾರ ನೋಡಿದರು, ಒಂದು ಸಲ ಗೋಡೆ ನೋಡಿದರು. ನನ್ನ ಕಡೆ ತಿರುಗಿ, "ಒಲೆ ಹೊತ್ತಿಸಮ್ಮ" ಎಂದರು. ನಾನು ಹಸಿ ಸೌದೆ ಹಾಕಿ, ಅವರು ಬೇಕೆಂದಷ್ಟು ಹೊಗೆ ಎಬ್ಬಿಸಿದೆ. ಎಂಜಿನಿಯರು ಒಂದು ಇಡೀ ರೋಲು ಮುಗಿಸಿ, ಅಮ್ಮ ಕೊಟ್ಟ ಕಾಫಿ ಕುಡಿದು, ಬೇರೇನೂ ಕೇಳದೆ ಹೋದರು.

ಗೇಟು ಹಾಕಿಕೊಂಡು ಬಂದ ಅಪ್ಪ ಹಂಡೆಯಲ್ಲಿ ಕುದಿಯುತ್ತಿದ್ದ ನೀರನ್ನು ನೋಡಿದರು. ದಂಡ ಮಾಡುವುದು ಅವರ ಪದ್ಧತಿಯಲ್ಲ. ಟವೆಲ್ಲು ತರಲು ಹೇಳಿ, ಆ ದಿನ ಎರಡನೇ ಸಲ ಸ್ನಾನಕ್ಕೆ ಹೋದರು.