ಕುಳ್ಳಯ್ಯನಿಗೆ ಉಳಿದ ಒಂದೇ ಔಷಧಿ

ರಾವಂದೂರು ಕಡೆ ಕುಳ್ಳಯ್ಯ ಅಂದರೆ ಹೊಗೆಸೊಪ್ಪು ಬೇಯಿಸೋ ಎತ್ತರದ ಮನೆ, ಬ್ಯಾರನ್ನಿನಲ್ಲಿ ಮೇಲಿನ ಅಂತಸ್ತಿಗೆ ಸೊಪ್ಪು ಕಟ್ಟಿದ ಕಡ್ಡಿ ಏರಿಸೋ ಕುಳ್ಳಯ್ಯ. ಆರು ವರ್ಷದ ಹಿಂದೆ ಕಾಲು ಜಾರಿ ಅಲ್ಲಿಂದಲೇ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಇರುವೆ ಕಚ್ಚಿದರೂ ತಿಳಿಯದಂತಾಯಿತು. ಉಚ್ಚೆಯೂ ತಾನಾಗಿ ಹೋಗದು. ದಿನಕ್ಕೆ ಐದು ಸಲ ತೆಳ್ಳನೆಯ ಪೈಪು ಹಾಕಿಕೊಂಡು ತೆಗೆಯಬೇಕು.

ಉರಿ ಗೊತ್ತಾಗದವನಿಗೆ ಕಣ್ಣೇ ಗತಿ. ಉಚ್ಚೆ ಕೊಂಚ ಕದಡಿತೋ, ವಾಸನೆ ಬಂತೋ, ರೋಗ ತಗುಲಿತೆಂದು ಅವನು ಕೂಗಿಕೊಳ್ಳುತ್ತಿದ್ದ. ಹೆಂಡತಿ ಮಲ್ಲಾಜಮ್ಮ ಹಳೇ ಮಾತ್ರೆಯ ಖಾಲಿ ಹಾಳೆ ಹಿಡಿದು ಮೆಡಿಕಲ್ ಸ್ಟೋರಿಗೆ ಓಡುವಳು. ಮೂರು ದಿನ ನುಂಗಿ ತಿಳಿಯಾಯಿತು ಅಂದರೆ ಸರಿ, ಉಳಿದ ಮಾತ್ರೆಯನ್ನು ಬಿತ್ತನೆ ಬೀಜದ ಹಾಗೆ ಡಬ್ಬಿಯಲ್ಲಿ ಎತ್ತಿಡುವರು.

ಈ ಸಲ ಚಳಿಜ್ವರವೇ ಬಂತು. ಡಬ್ಬಿಯ ಮಾತ್ರೆಗೂ ಇಳಿಯಲಿಲ್ಲ, ಅಂಗಡಿಯವನು ಕೊಟ್ಟ ದಪ್ಪ ಮಾತ್ರೆಗೂ ಇಳಿಯಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿಸಿದರು. ಉಚ್ಚೆಯಲ್ಲಿದ್ದ ರೋಗಾಣುವನ್ನು ಬೆಳೆಸಿ ಪರೀಕ್ಷೆ ಮಾಡಿದ ವರದಿ ಮೂರನೇ ದಿನ ಬಂತು.

“ಹದಿನಾಲ್ಕು ಔಷಧಿ ಹಾಕಿ ನೋಡಿದ್ವಿ,” ಅಂದರು ಡಾಕ್ಟರು ಸಂಘಮಿತ್ರ. “ಹನ್ನೆರಡಕ್ಕೆ ಅದು ಜಗ್ಗಿಲ್ಲ. ಉಳಿದ ಎರಡರಲ್ಲಿ ಒಂದನ್ನ ನಿಮ್ಮ ಸೊರಗಿದ ಕಿಡ್ನಿ ತಡೆಯಲ್ಲ. ಕದಡಿದಾಗೆಲ್ಲ ಮಾತ್ರೆ ತಿಂತಿದ್ರಾ?”

“ಊಂ ಕಣ್ರವ್ವ.”

“ಪೈಪು ಹಾಕೋರ ಮೂತ್ರ ಆಗಾಗ ಕದಡುತ್ತೆ. ಜ್ವರ, ನಡುಕ ಇಲ್ಲದಿದ್ರೆ ಮಾತ್ರೆ ಬೇಡ. ಸುಮ್ಮಸುಮ್ಮನೆ ತಿಂದು, ಅರ್ಧಕ್ಕೆ ಬಿಟ್ಟು, ರೋಗಾಣುವನ್ನ ಔಷಧಿಗೇ ಪಳಗಿಸಿಬಿಟ್ಟಿದ್ದೀರಿ.”

“ಉಳಿದಿರೋ ಒಂದಕ್ಕೂ ಜಗ್ಗದಿದ್ರೆ?”

ಆಕೆ ಅವನ ಕೈ ಮೇಲೆ ಕೈಯಿಟ್ಟರು, ಆಮೇಲೆ ಆ ಒಂದು ಔಷಧಿಯ ಸೂಜಿಯನ್ನು ಹತ್ತು ದಿನಕ್ಕೆ ಬರೆದರು.

ಸೂಜಿ ಶುರುವಾದ ನಾಲ್ಕನೇ ದಿನ ಜ್ವರ ಇಳಿಯಿತು. “ವಾಸಿಯಾಯ್ತಲ್ಲ, ಊರಿಗೋಗವ,” ಅಂದಳು ಮಲ್ಲಾಜಮ್ಮ.

“ಹತ್ತು ದಿನ ಅಂದವ್ರೆ. ಒಂದು ಸೂಜಿ ಕಮ್ಮಿಯಾದ್ರೂ ನಾನು ಬರಾಕಿಲ್ಲ ಕಣಮ್ಮಿ.”

“ಬ್ಯಾರನ್ ಮ್ಯಾಲಿಂದ ಬಿದ್ದಾಗ್ಲೂ ಇಂಗೆ ಎದರ್ಲಿಲ್ವಲ್ಲ ನೀನು.”

“ಬೀಳೋವಾಗ ಎದರಾಕೆ ಟೈಮೆಲ್ಲಿತ್ತು?”

ಹತ್ತೂ ದಿನ ಮುಗಿಸಿಯೇ ಊರಿಗೆ ಬಂದರು. ಇಪ್ಪತ್ತು ದಿನವಾಗಿರಬೇಕು, ಒಂದು ಬೆಳಗ್ಗೆ ಪೈಪಿನಲ್ಲಿ ಉಚ್ಚೆ ಮತ್ತೆ ಕದಡಿ ಬಂತು. ಮಲ್ಲಾಜಮ್ಮ ಸೆರಗು ಸಿಕ್ಕಿಸಿ ಅಂಗಡಿಗೆ ಹೊರಟೇಬಿಟ್ಟಳು.

“ಕುಂತ್ಕೊ,” ಅಂದ ಕುಳ್ಳಯ್ಯ. “ಮೈ ಮುಟ್ಟಿ ನೋಡು ಮೊದ್ಲು.”

ಮುಟ್ಟಿದಳು. ಬಿಸಿಯಿರಲಿಲ್ಲ. ಥರ್ಮಾಮೀಟರ್ ಇಟ್ಟರೂ ಜ್ವರ ಕಾಣಲಿಲ್ಲ. ಹಾಗಾದರೆ ಮಾತ್ರೆ ಇಲ್ಲ. ಅವನು ಎರಡು ಚೊಂಬು ನೀರು ಕುಡಿದು ಗೋಡೆಗೆ ಒರಗಿದ. ಗಂಟೆಗೊಮ್ಮೆ ಅವಳ ಕೈ ಹಣೆಗೆ ಬರುತ್ತಿತ್ತು. ಬಂದಾಗಲೆಲ್ಲ ಅವನು ಕಣ್ಣು ಮುಚ್ಚಿ, ಅವಳು ಏನನ್ನುತ್ತಾಳೋ ಎಂದು ಉಸಿರು ಹಿಡಿದು ಕಾಯುತ್ತಿದ್ದ.