ಮುಚ್ಚಳದ ಮೇಲೆ ಬರೆದ ಹೆಸರು

ನಲವತ್ತೊಂದನೇ ವಯಸ್ಸಿನಲ್ಲಿ ನಾನು ಬಿ.ಎಸ್ಸಿ. ಕೊನೇ ವರ್ಷದಲ್ಲಿದ್ದೆ. ಹಳೇಬೀಡಿನಲ್ಲಿದ್ದ ನಮ್ಮ ಸಣ್ಣ ಹೋಟೆಲನ್ನು ಬೆಳಗಿನ ಹೊತ್ತು ಹೆಂಡತಿಗೆ ಬಿಟ್ಟು, ಬಸ್ಸು ಹತ್ತಿ ಅರಸೀಕೆರೆಯ ಕಾಲೇಜಿಗೆ ಬರುತ್ತಿದ್ದೆ. ಈ ವರ್ಷಕ್ಕೆ ಮುಗಿಯುತ್ತದೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಪ್ರಾಜೆಕ್ಟಿನಲ್ಲಿ ಫೇಲಾದರೆ ಇನ್ನೊಂದು ವರ್ಷ.

ಚರ್ಮದ ಬ್ಯಾಕ್ಟೀರಿಯಾವನ್ನು ಯಾವ ಸೋಪು ಹೆಚ್ಚು ಕೊಲ್ಲುತ್ತದೆ ಎನ್ನುವುದು ನಮ್ಮ ಪ್ರಾಜೆಕ್ಟು. ಕ್ರಿಮಿನಾಶಕವೆಂದು ಮಾರುವ ಕೆಂಪು ಸೋಪು, ಹಸಿರು ಸೋಪು, ಹೋಲಿಕೆಗೆ ಒಂದು ಸಾದಾ ಸೋಪು. ಕೈ ತೊಳೆದು, ಹೆಪ್ಪುಗಟ್ಟಿದ ಗಂಜಿಯಂತಿರುವ ಅಗರ್ ಪ್ಲೇಟಿನ ಮೇಲೆ ಬೆರಳು ಒತ್ತಬೇಕು. ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ ಬೆರಳಲ್ಲಿ ಉಳಿದ ಬ್ಯಾಕ್ಟೀರಿಯಾ ಎರಡು ದಿನದಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಳೆಯುತ್ತದೆ.

ಶುಕ್ರವಾರ ಬೆಳಗ್ಗೆ ಪೆಟ್ಟಿಗೆ ತೆಗೆದಾಗ ಮುಚ್ಚಳಗಳ ಒಳಗೆ ಆವಿಯ ನೀರು ನಿಂತಿತ್ತು. ಹೋಟೆಲಿನ ಅಭ್ಯಾಸ. ಮೂರನ್ನೂ ತೆಗೆದು, ಸಾಲಾಗಿಟ್ಟು ಒರೆಸಿದೆ. ತಿರುಗಿ ಮುಚ್ಚಿದ ಮೇಲೆ, ಯಾವ ಮುಚ್ಚಳ ಯಾವ ಪ್ಲೇಟಿನದೆಂದು ನೋಡಿಕೊಂಡಿರಲಿಲ್ಲ ಎಂದು ಹೊಳೆಯಿತು. ಸೋಪಿನ ಹೆಸರನ್ನು ನಾನು ಮುಚ್ಚಳದ ಮೇಲೆ ಮಾತ್ರ ಬರೆದಿದ್ದೆ.

ಪ್ರಾಜೆಕ್ಟಿನಲ್ಲಿ ನನ್ನ ಜೊತೆಗಿದ್ದ ಹುಡುಗಿ ಫಸ್ಟ್ ಕ್ಲಾಸಿನ ಆಸೆಯವಳು. ಅವಳಿಗೆ ಹೇಳಿದೆ. ಬಾಗಿಲ ಕಡೆ ನೋಡಿ ಮೆಲ್ಲಗೆ ಅಂದಳು:

"ಸುಮ್ನಿರಣ್ಣ. ಸೋಪು ಬಂದು ಸಾಕ್ಷಿ ಹೇಳ್ತದಾ?"

ಅಷ್ಟರಲ್ಲಿ ಪ್ರಾಜೆಕ್ಟು ನೋಡಿಕೊಳ್ಳುವ ಸಾರ್ ಬಂದು ಚುಕ್ಕಿ ಎಣಿಸಿದರು. ಕೆಂಪು ಸೋಪಿನ ಹೆಸರಿದ್ದ ಪ್ಲೇಟಿನಲ್ಲೇ ಚುಕ್ಕಿ ಕಡಿಮೆ. ಅಂದುಕೊಂಡ ಹಾಗೇ ಬಂತು, ಬರೆದುಕೊಳ್ಳಿ ಎಂದರು. ಅವಳು ಬರೆದಳು. ಸೋಮವಾರ ಹೊರಗಿನ ಪರೀಕ್ಷಕರು ಬರುವವರಿದ್ದರು. ನಾನು ಸಾರ್ ಮುಂದೆ ಹೋಗಿ ನಿಂತೆ.

"ಸಾರ್, ಮುಚ್ಚಳ ಅದಲುಬದಲಾಗಿರಬಹುದು."

"ಯಾವುದು ಯಾವುದರದು?"

"ಗೊತ್ತಿಲ್ಲ ಸಾರ್."

ಅವರು ಫ್ರಿಜ್ಜು ತೆರೆದು ನೋಡಿದರು. ಮೂರೇ ಹೊಸ ಪ್ಲೇಟು ಉಳಿದಿವೆ, ನಾಳೆ ಕಾಲೇಜಿಗೆ ರಜೆ, ಇವತ್ತು ಸಂಜೆಯೊಳಗೆ ಇಡದಿದ್ದರೆ ಸೋಮವಾರಕ್ಕೆ ಬೆಳೆಯುವುದಿಲ್ಲ ಎಂದರು. ನಾವು ಮತ್ತೆ ಕೈ ತೊಳೆದೆವು. ಈ ಸಲ ಹೆಸರನ್ನು ಪ್ಲೇಟಿನ ತಳಕ್ಕೆ ಬರೆದೆ.

ಸೋಮವಾರ ಕೆಂಪು, ಹಸಿರು ಹೆಚ್ಚುಕಡಿಮೆ ಒಂದೇ ಸಮ ಬಂದಿದ್ದವು. ಸಾದಾ ಸೋಪಿನಲ್ಲಿ ಚುಕ್ಕಿ ತುಸು ಹೆಚ್ಚು, ಅಷ್ಟೇ. ಪರೀಕ್ಷಕರು ನಮ್ಮ ಲೆಕ್ಕದ ಪುಸ್ತಕ ತಿರುವಿ, ಹೊಡೆದುಹಾಕಿದ ಶುಕ್ರವಾರದ ಲೆಕ್ಕದ ಮೇಲೆ ಬೆರಳಿಟ್ಟರು. ಮುಚ್ಚಳದ ವಿಷಯ ಹೇಳಿದೆ.

"ಹಾಗಾದ್ರೆ ಯಾವ ಸೋಪು ವಾಸಿ ಅಂತೀರಾ?"

ಪಕ್ಕದಲ್ಲಿದ್ದ ಅವಳು ನನ್ನ ಮುಖ ನೋಡಿದಳು. ನಾನು ಅಂದೆ:

"ಸೋಪಿಗೆ ಒಂದೊಂದೇ ಪ್ಲೇಟು ಸಾರ್. ಇಷ್ಟರಲ್ಲಿ ಹೇಳಕ್ಕಾಗಲ್ಲ."

ಅವರು ತಲೆ ಎತ್ತದೆ ಅಂಕ ಬರೆದರು. ಇಬ್ಬರಿಗೂ ಒಂದೇ, ಪಾಸಾಗುವಷ್ಟು. ನನ್ನ ಓದು ಮುಗಿಯಿತು. ಅವಳ ಫಸ್ಟ್ ಕ್ಲಾಸು ತಪ್ಪಿತು. ಕೊನೇ ದಿನ ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೇ ನಿಂತಿದ್ದರೂ ಅವಳು ನನ್ನನ್ನು ಅಣ್ಣ ಅನ್ನಲಿಲ್ಲ.