ಬೂದಿ ಹಚ್ಚಿ ಬೆಳಗಿದ ಟೆಲಿಸ್ಕೋಪ್

೧೯೮೫ರಲ್ಲಿ ನಾನು ಐನಾಪುರದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ಎಪ್ಪತ್ತಾರು ವರ್ಷಗಳ ಮೇಲೆ ಹ್ಯಾಲಿ ಧೂಮಕೇತು ಮರಳುವುದಿತ್ತು. ಅದಕ್ಕೆಂದು ಟೆಲಿಸ್ಕೋಪ್ ತರಲು ಆಡಳಿತ ಮಂಡಳಿ ಒಪ್ಪಿ, ಆರಿಸುವ ಕೆಲಸವನ್ನು ನನಗೆ ವಹಿಸಿತು.

ಎಲ್ಲರಿಗಿಂತ ಹೆಚ್ಚು ಕಾದಿದ್ದವಳು ನಮ್ಮ ಶಾಲೆಯ ಸಿಪಾಯಿ ಮಾರುತಿಯ ತಾಯಿ ತಾನವ್ವ. ೧೯೧೦ರಲ್ಲಿ ಆರು ವರ್ಷದವಳಾಗಿದ್ದಾಗ ಇದೇ ಧೂಮಕೇತುವನ್ನು ನೋಡಿದ್ದಳು.

"ಅದರ ಕಡೆ ಬಟ್ಟ ಮಾಡಿ ತೋರ್ಸಿದ್ನಿರಿ ಮಾಸ್ತರ. ಹದಿನೈದ ದಿನದಾಗ ನಮ್ಮಪ್ಪ ಹ್ವಾದ. ಈ ಪೋರಿನ ಅಪ್ಪನ್ನ ತಿಂದ್ಲು ಅಂದ್ರು ಮಂದಿ" ಎಂದಿದ್ದಳು.

"ಅದು ಬರೇ ಬರ್ಫ, ಧೂಳ ಐತಿ, ಆಯಿ. ನಿಮಗ ತೋರಸ್ತೀನಿ. ನೀವ ನೋಡಿ ಹೇಳ್ರಿ" ಎಂದು ಮಾತು ಕೊಟ್ಟೆ.

ಪುಣೆಯಲ್ಲಿ ಟೆಲಿಸ್ಕೋಪ್ ತಯಾರಿಸುವ ಹಿರಿಯರೊಬ್ಬರು ಮೊದಲು ಕೇಳಿದ್ದು, ಅದನ್ನು ದಿನಾ ಮುಟ್ಟುವವರು ಯಾರು ಎಂದು. ಮೊದಲ ಸಲಕ್ಕೆ ಒಳ್ಳೆಯ ಬೈನಾಕ್ಯುಲರ್ ಸಾಕು, ಧೂಮಕೇತುವಿಗೆ ಅದೇ ಮೇಲು ಎಂದರು. ನನಗೆ ಸಿಟ್ಟು ಬಂತು. ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಊರಿಗೆ ಮರಳಿದರೆ ನನ್ನ ಮರ್ಯಾದೆ ಏನಾಗಬೇಕು? ಸುತ್ತಲಿನ ಯಾವ ಶಾಲೆಯಲ್ಲೂ ಇಲ್ಲದ ಆರು ಇಂಚಿನ ರಿಫ್ಲೆಕ್ಟರನ್ನೇ ಆರಿಸಿದೆ.

ರಿಫ್ಲೆಕ್ಟರಿನಲ್ಲಿ ಬೆಳಕು ಹಿಡಿಯುವುದು ಕೊಳವೆಯ ತಳದ ಕನ್ನಡಿ. ಮನೆಯ ಕನ್ನಡಿಗೆ ಹೊಳಪಿನ ಲೇಪ ಗಾಜಿನ ಹಿಂದಿರುತ್ತದೆ, ಇದಕ್ಕೆ ಗಾಜಿನ ಮುಂದೆ. ಒರಟಾಗಿ ಒರೆಸಿದರೂ ಕೆಡುತ್ತದೆ. ಇದನ್ನು ನಾನು ಹತ್ತನೆಯ ತರಗತಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದೆ. ದಿನಾ ಲ್ಯಾಬ್ ಗುಡಿಸುವ ಮಾರುತಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಅಕ್ಟೋಬರಿನಲ್ಲಿ ದಸರೆಯ ಖಂಡೇ ಪೂಜೆ, ಎಂದರೆ ಆಯುಧ ಪೂಜೆ, ಬಂತು. ಲ್ಯಾಬಿನ ಸಾಮಾನೆಲ್ಲ ಸ್ವಚ್ಛ ಮಾಡಿ ಪೂಜೆಗಿಡು ಎಂದು ಮಾರುತಿಗೆ ಹೇಳಿ ನಾನು ನಿಪ್ಪಾಣಿಗೆ ಹೋದೆ. ಮರಳಿ ಬಂದು ನೋಡಿದರೆ ಟೆಲಿಸ್ಕೋಪಿಗೆ ಕುಂಕುಮ, ಚೆಂಡುಹೂವಿನ ಮಾಲೆ. ಕೊಳವೆಯೊಳಗೆ ಇಣುಕಿದೆ. ಕನ್ನಡಿಯ ತುಂಬ ಗೀರು, ನಡುವೆ ಬರಿ ಗಾಜು. ಅವನು ಹಿಂದಿನ ಸ್ಕ್ರೂ ಬಿಚ್ಚಿ, ಹುಣಸೆಹುಳಿ, ಬೂದಿ ಹಚ್ಚಿ ಹಿತ್ತಾಳೆ ತಂಬಿಗೆಯಂತೆ ಬೆಳಗಿದ್ದ.

"ಬೆಳಗದ ಪೂಜಿಗಿ ಇಡಾಕ ಬರತೈತೇನ್ರಿ, ಸರ? ನಮ್ಮವ್ವ ನೋಡೂದಂತ ಇನ್ನಾ ಒತ್ತಿ ತಿಕ್ಕೀನ್ರಿ" ಎಂದ.

ಹೆಡ್‌ಮಾಸ್ತರರು ಯಾರ ತಪ್ಪು ಎಂದು ಕೇಳಿದಾಗ ನಾನು ಅವನತ್ತ ಕೈ ತೋರಿಸಿದೆ. ಅವನಿಗೆ ಮೆಮೊ ಕೊಟ್ಟರು. ಅವನು ಓದದೆ ಸಹಿ ಮಾಡಿದ. ಕನ್ನಡಿ ಮರುಲೇಪಕ್ಕೆ ಪುಣೆಗೆ ಹೋಯಿತು.

ಇಷ್ಟೇ ಆಗಿದ್ದರೆ ಅಜ್ಞಾನದ ಮೇಲೆ ಹೊರಿಸಿ ಸುಮ್ಮನಿರಬಹುದಿತ್ತು. ಆದರೆ ಜನವರಿಯಲ್ಲಿ ಒಂದು ಸಂಜೆ, ರಾಯಬಾಗದ ಗೆಳೆಯನ ಮಾಳಿಗೆಯ ಮೇಲೆ ಅವನ ಹಳೆಯ ಬೈನಾಕ್ಯುಲರಿನಲ್ಲಿ ನಾನು ಧೂಮಕೇತುವನ್ನು ನೋಡಿದೆ. ಹಿಂಜಿದ ಅರಳೆಯಷ್ಟು, ಅಷ್ಟೇ. ಆ ಬೈನಾಕ್ಯುಲರನ್ನು ಕೇಳಿದ್ದರೆ ಅವನು ಕೊಡುತ್ತಿದ್ದ. ನಾನು ಕೇಳಲಿಲ್ಲ. ಅದನ್ನು ಊರಿಗೆ ತಂದರೆ, ಪುಣೆಯವರು ಹೇಳಿದ್ದೇ ಸರಿಯಿತ್ತು ಎಂದು ಒಪ್ಪಿಕೊಂಡಂತಾಗುತ್ತಿತ್ತು.

ಕನ್ನಡಿ ಮರಳಿದ್ದು ಮೇ ತಿಂಗಳ ಕೊನೆಗೆ. ಸುದ್ದಿ ಕೇಳಿ ತಾನವ್ವ ಕೋಲೂರಿಕೊಂಡು ಶಾಲೆಗೆ ಬಂದಳು.

"ಎಲ್ಲೈತ್ರಿ, ಮಾಸ್ತರ?"

"ಹೋತು, ಆಯಿ."

"ನೀವರ ನೋಡಿದ್ರಿ?"

"ಇಲ್ಲ" ಎಂದೆ.

"ನೀವೂ ನೋಡಿಲ್ಲಂದ್ರ ಬರೇ ಬರ್ಫ ಅಂತ ಹೆಂಗ ನಂಬೂದ್ರಿ? ಹಂಗಾರ ಮಂದಿ ನನಗ ಅಂದದ್ದ ಖರೇ ಇರಬೇಕ ಬಿಡ್ರಿ" ಎಂದು ತಿರುಗಿ ಹೊರಟಳು. ಆ ವರ್ಷವೇ ತೀರಿಕೊಂಡಳು.

ಮೊದಲ ಟೆಲಿಸ್ಕೋಪ್ ಯಾವುದು ಕೊಳ್ಳಲಿ ಎಂದು ಈಗಲೂ ಕೆಲವರು ಕೇಳುತ್ತಾರೆ. ನಾನು ಇಂಚು, ಪವರ್ ಹೇಳುವುದಿಲ್ಲ. ಅದರಲ್ಲಿ ನೋಡುವವರನ್ನೂ ಅದನ್ನು ಒರೆಸುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ ಆರಿಸಿ ಎನ್ನುತ್ತೇನೆ. ನಾನು ಪುಣೆಗೆ ಒಬ್ಬನೇ ಹೋಗಿದ್ದೆ.